ಮೀಟರಿನ ಕೆಂಪು ತ್ರಿಕೋಣ

ಆ ಜನವರಿಯ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಮುದುಕ ನಮ್ಮ ಬಾಗಿಲು ತಟ್ಟಿದಾಗ ನಾನು ಮೊದಲು ನೋಡಿದ್ದು ಆತನ ಕೈಗಳನ್ನು. ಒಂದರಲ್ಲಿ ಥರ್ಮಾಕೋಲಿನ ಬಟ್ಟಲಿನಂಥ ಎರಡು ಮುಚ್ಚಳಗಳಿದ್ದವು. ಇನ್ನೊಂದರಲ್ಲಿ ಸೊಂಟದೆತ್ತರದ ಕಬ್ಬಿಣದ ಸಲಾಕೆ, ಮೇಲೆ ಅಡ್ಡ ಹಿಡಿ.

ಸಂಜೆಯಿಂದ ನೀರು ಹೆಪ್ಪುಗಟ್ಟುವಂಥ ಚಳಿ ಶುರುವಾಗುತ್ತದೆ, ಎರಡು ಮೂರು ದಿನ ಬಿಡುವುದಿಲ್ಲ ಎಂದ. ಹೊರಗಿನ ನಲ್ಲಿಗಳಿಗೆ ಮುಚ್ಚಳ ತಾನೇ ಹಾಕಿಕೊಡುತ್ತೇನೆ ಎಂದ. ಅಡುಗೆಮನೆಯ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮನೆಯೊಳಗಿನ ಶಾಖ ಪೈಪಿಗೂ ತಾಗಲಿ ಎಂದ. ಕೊನೆಗೆ ಸ್ವಲ್ಪ ದನಿ ತಗ್ಗಿಸಿ, "ಆ ಪೈಪು ಉತ್ತರದ ಗೋಡೆಯೊಳಗೆ ಬರುತ್ತದೆ ಮ್ಯಾಮ್. ಹಿಂದಿನವರಿದ್ದಾಗ ಒಂದು ಸಲ ಒಡೆದಿತ್ತು. ಅವತ್ತು ಓಡಿಬಂದು ನೀರು ನಿಲ್ಲಿಸಿದವನು ನಾನೇ" ಎಂದ.

ಲಿಯಾಂಡರ್ ಎಂಬ ಊರಿನ ಆ ಮನೆ ಕೊಂಡು ನಮಗೆ ಎಂಟು ತಿಂಗಳಾಗಿತ್ತು. ಈ ಮನೆಯಲ್ಲಿ ಎಂದೂ ನೀರು ಸೋರಿಲ್ಲ ಎಂದು ಮಾರಿದವರು ಸಹಿ ಹಾಕಿದ್ದ ಕಾಗದವನ್ನು ನಾನು ಮೂರು ಸಲ ಓದಿದ್ದೆ. ಹಾಗಾದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ನನ್ನ ಅನುಮಾನ ಸಹಿ ಹಾಕಿದವರ ಮೇಲೆ ಹೋಗಲಿಲ್ಲ. ಸಲಾಕೆ ಹಿಡಿದು ಬಂದವನ ಮೇಲೆ ಹೋಯಿತು.

"ಇದು ಯಾತಕ್ಕೆ?" ಎಂದು ಸಲಾಕೆಯನ್ನು ತೋರಿಸಿದೆ.

"ರಸ್ತೆ ಬದಿಯ ಮೀಟರ್ ಪೆಟ್ಟಿಗೆಯಲ್ಲಿ ನಿಮ್ಮ ಮನೆಯ ನೀರು ಬಂದ್ ಮಾಡುವ ಕೀಲಿ. ನೀವಿಲ್ಲದಾಗ ಏನಾದರೂ ಆದರೆ ಇರಲಿ ಅಂತ."

ನಮ್ಮ ಮನೆಯ ನೀರಿನ ಕೀಲಿ ಎಂಟು ತಿಂಗಳಿಂದ ಬೇರೊಬ್ಬನ ಗ್ಯಾರೇಜಿನಲ್ಲಿದೆ ಎನ್ನುವುದು ಅವತ್ತೇ ನನಗೆ ತಿಳಿದದ್ದು. ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿ, ಆತ ಗೋಡೆಯ ಪಕ್ಕ ಬಗ್ಗಿ ಮುಚ್ಚಳ ಕೂರಿಸುವುದನ್ನು ಕಿಟಕಿಯ ಪರದೆ ಸರಿಸಿ ನೋಡುತ್ತ ನಿಂತೆ. ನಮ್ಮವ್ವನೂ ನನ್ನ ಬೆನ್ನಿಗೆ ಬಂದು ನಿಂತಳು. ಆಕೆ ಗದಗಿನಿಂದ ಬಂದು ಆಗ ಎರಡು ತಿಂಗಳು.

"ಕರೀಲಾರದನ ಬಂದು ಕೆಲಸಾ ಮಾಡಾಕತ್ಯಾನ" ಎಂದಳು ಅವ್ವ. "ನೋಡ್ಕೋತ ನಿಂದ್ರು."

ಅನುಮಾನ ಕಲಿತ ಸಾಲೆ ನಮ್ಮಿಬ್ಬರದೂ ಒಂದೇ. ಗದಗಿನ ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಯಾವ ಹೊತ್ತಿಗೆ ಎನ್ನುವುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕೊಡಗಳನ್ನು ಸಾಲಾಗಿ ಇಟ್ಟು ಕಾಯಬೇಕು. ಅವ್ವ ಮಂದಿಯ ಮನೆಗಳಲ್ಲಿ ರೊಟ್ಟಿ ಬಡಿಯಲು ಹೋದಾಗ ಆ ಸಾಲು ಕಾಯುವ ಕೆಲಸ ನನ್ನದು. ಪುಸ್ತಕ ತೊಡೆಯ ಮೇಲೆ, ಕಣ್ಣು ಕೊಡದ ಮೇಲೆ. ಒಂದು ಪುಟ ಮನಸ್ಸಿಟ್ಟು ಓದಿ ತಲೆ ಎತ್ತಿದರೆ ನಮ್ಮ ಕೊಡ ಎರಡು ಕೊಡದಷ್ಟು ಹಿಂದೆ ಸರಿದಿರುತ್ತಿತ್ತು. ಯಾರು ಸರಿಸಿದರು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುವವರೇ. "ಕೊಡ ನಾ ಎತ್ತಿಡತೀನಿ ಬಿಡವಾ, ನೀ ಓದ್ಕೋ" ಎಂದು ಪ್ರೀತಿಯಿಂದ ಹೇಳಿದವರೇ ಸರಿಸಿದವರು ಎನ್ನುವುದು ಕ್ರಮೇಣ ಗೊತ್ತಾಯಿತು. ಹಾಗೆ ಓದಿಯೇ ನಾನು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಲಿಯಾಂಡರ್‌ನ ಮನೆಯೂ ಹಾಗೆಯೇ, ನಮ್ಮಲ್ಲಿ ಯಾರಾದರೂ ಸ್ವಂತದ್ದು ಎಂದು ಕರೆದ ಮೊದಲ ಮನೆ. ಅದರ ಗೋಡೆಯೊಳಗೆ ಪೈಪು ಒಡೆದು ನೀರು ನುಗ್ಗುವುದನ್ನು ನೆನೆಸಿಕೊಳ್ಳಲೂ ನನಗೆ ಬೇಡವಾಗಿತ್ತು.

ಅದನ್ನು ಕೊಳ್ಳುವ ಮೊದಲು ಹ್ಯೂಸ್ಟನ್ನಿನಲ್ಲಿ, ಎನರ್ಜಿ ಕಾರಿಡಾರ್ ಎನ್ನುವ ತೈಲ ಕಂಪನಿಗಳ ಬಡಾವಣೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಸ್ವೆಟರು ಬೇಕಾದದ್ದು ಆಫೀಸಿನ ಎಸಿಗೆ. ಚಳಿಗೆ ಮನೆಯನ್ನು ತಯಾರು ಮಾಡುವುದು ಎಂದರೇನು ಎಂದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಆದರೆ ಮುದುಕ ಹೇಳಿದ್ದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಮುಚ್ಚಿದ ನಲ್ಲಿಯ ಹಿಂದೆ ಒತ್ತಡ ಏರುತ್ತದೆ, ನಲ್ಲಿ ತೆರೆದಿದ್ದರೆ ಒತ್ತಡಕ್ಕೆ ದಾರಿ ಇರುತ್ತದೆ. ತಪ್ಪು ಕಾಣಲಿಲ್ಲ. ಆತನನ್ನು ನಂಬದೆಯೇ ಆತನ ಮಾತು ಕೇಳಬಹುದು ಎಂದು ತೀರ್ಮಾನಿಸಿ, ಮಧ್ಯಾಹ್ನ ಸಿಂಕಿನ ಕೆಳಗಿನ ಕಪಾಟು ತೆರೆದು, ನಲ್ಲಿಯನ್ನು ಹನಿ ಹನಿಯಾಗಿ ಬೀಳುವಂತೆ ಬಿಟ್ಟೆ.

"ಯಾಕಬೇ, ನಳಾ ಕೆಟ್ಟೈತೇನು?" ಎಂದಳು ಅವ್ವ.

"ಕೆಟ್ಟಿಲ್ಲವ್ವಾ. ಬೇಕಂತನ ಬಿಟ್ಟೀನಿ. ಬಂದ್ ಮಾಡಿದ್ರ ಪೈಪ್ ಒಡೀತೈತಿ."

"ನೀರು ಚೆಲ್ಲಿದ್ರ ಪೈಪ್ ಉಳೀತೈತಿ? ಇದನ್ನ ಯಾವ ಸಾಲ್ಯಾಗ ಕಲಿಸ್ಯಾರ ನಿನಗ?" ಅವ್ವ ಹನಿಯನ್ನೇ ದಿಟ್ಟಿಸಿದಳು. "ಆ ಮುದುಕ ಹೇಳಿದ್ನೇನು? ಅವಂಗೇನು ಲಾಭ ಇದರಾಗ?"

ಅವ್ವ ತನ್ನ ತಯಾರಿ ತಾನು ಶುರು ಮಾಡಿದಳು. ಬಕೆಟ್ಟು, ಪಾತೇಲಿ, ಎರಡೂ ಕುಕ್ಕರು, ದೋಸೆಹಿಟ್ಟಿನ ಸ್ಟೀಲ್ ಡಬ್ಬಿ, ಮೊಮ್ಮಗಳ ಸ್ನಾನದ ಟಬ್ಬು, ಒಂದನ್ನೂ ಬಿಡದೆ ನೀರು ತುಂಬಿಸಿಟ್ಟಳು. ನಡುಮನೆಯಲ್ಲಿ ನಡೆದಾಡಲು ಜಾಗವಿರಲಿಲ್ಲ. ಆರು ವರ್ಷದ ನನ್ನ ಮಗಳು ಪಾತ್ರೆಗಳ ನಡುವೆ ಕುಂಟಾಬಿಲ್ಲೆ ಆಡಿದಳು.

ಒಂದು ಗಂಟೆ ಬಿಟ್ಟು ಬಂದರೆ ನಲ್ಲಿ ನಿಂತಿತ್ತು. ಮತ್ತೆ ತಿರುಗಿಸಿದೆ. ಬಟ್ಟೆ ಮಡಚಿ ಬರುವಷ್ಟರಲ್ಲಿ ಮತ್ತೆ ನಿಂತಿತ್ತು. ಅವ್ವ ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಮಗಳನ್ನು ಕೇಳಿದರೆ "ನಾಟ್ ಮೀ" ಎಂದು ಓಡಿದಳು. ಆ ಓಟ ನನಗೆ ಸರಿಬರಲಿಲ್ಲ. ಇನ್ನೊಮ್ಮೆ ನಲ್ಲಿ ಮುಟ್ಟಿದರೆ ಕಾರ್ಟೂನ್ ಬಂದ್ ಎಂದು ಅವಳನ್ನೇ ಗದರಿಸಿದೆ.

ಸಂಜೆ ಡಲ್ಲಾಸಿನಿಂದ ನನ್ನ ಗಂಡನ ಫೋನು. ಆಫೀಸಿನ ಕೆಲಸಕ್ಕೆ ಹೋಗಿದ್ದವರು ಆವತ್ತು ಹಿಂದಿರುಗಬೇಕಿತ್ತು.

"ಫ್ಲೈಓವರ್ ಎಲ್ಲಾ ಐಸ್ ಆಗಿದೆ ಕಣೇ, ಡ್ರೈವ್ ಮಾಡೋಕಾಗಲ್ಲ. ಇಲ್ಲೇ ಫ್ರೆಂಡ್ ಮನೇಲಿ ಇರ್ತೀನಿ. ಪಕ್ಕದ ಮನೆ ಅಂಕಲ್ ಹೇಳಿದ ಹಾಗೆ ಮಾಡು, ಪಾಪ ಒಳ್ಳೆ ಮನುಷ್ಯ."

"ನಿಮಗ ಹೆಂಗ ಗೊತ್ತು ಒಳ್ಳೇವ್ರಂತ?"

"ನಿಂಗೆ ದೇವರೇ ಬಂದು ಬಾಗಿಲು ತಟ್ಟಿದ್ರೂ ಐಡಿ ಕಾರ್ಡ್ ಕೇಳ್ತೀಯ."

"ಕೇಳಬೇಕ್ರಿ ಮತ್ತ" ಎಂದೆ. ಅವರು ಮೈಸೂರಿನವರು. ಮನೆಯೊಳಗೇ ನಲ್ಲಿ ಇದ್ದವರು.

ಮಲಗುವ ಮುಂಚೆ ನಲ್ಲಿ ತೊಟ್ಟಿಕ್ಕುತ್ತಿದ್ದುದನ್ನು ಕಣ್ಣಾರೆ ನೋಡಿದ್ದೆ. ಬೆಳಿಗ್ಗೆ ಎದ್ದು ಬಂದರೆ ಅದು ಬಿಗಿಯಾಗಿ ಮುಚ್ಚಿತ್ತು. ತಿರುಗಿಸಿದೆ. ಪೂರ್ತಿ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ.

ಅವ್ವ ಚಹಾದ ಲೋಟ ಕೈಗಿಡುತ್ತ, "ಆ ಮುದುಕ ನಸುಕಿನ್ಯಾಗನ ಬಂದು ನಮ್ಮ ನೀರಿನ ಪೆಟಗಿ ತಗದು ನೋಡಾಕತ್ತಿದ್ದ. ಆಮ್ಯಾಲೆ ಬಂದು ಬಾಗಲಾ ಬಡದ. ನಾ ಕಿಟಕ್ಯಾಗಿಂದ ಹೋಗ್ ಹೋಗ್ ಅಂತ ಕೈ ಮಾಡಿದೆ" ಎಂದಳು.

ಹೊರಗೆ ನೋಡಿದೆ. ಹುಲ್ಲಿನ ಮೇಲೆ ಸಣ್ಣ ಹರಳುಪ್ಪಿನಂತೆ ಐಸು ಬಿದ್ದಿತ್ತು. ಅದರಲ್ಲಿ ಪಕ್ಕದ ಮನೆಯಿಂದ ನಮ್ಮ ಮೀಟರ್ ಪೆಟ್ಟಿಗೆಯವರೆಗೆ, ಅಲ್ಲಿಂದ ನಮ್ಮ ಬಾಗಿಲವರೆಗೆ ಬೂಟಿನ ಗುರುತುಗಳು. ನನ್ನ ಲೆಕ್ಕಕ್ಕೆ ಎಲ್ಲವೂ ತಾಳೆಯಾಯಿತು. ಕೀಲಿ ಇತ್ತು, ಬಂದ, ನಿಲ್ಲಿಸಿದ. ಯಾಕೆ ಎಂದು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ನನ್ನ ಕೊಡವನ್ನು ಯಾರೋ ಸರಿಸಿದ್ದರು, ಅಷ್ಟು ಸಾಕಿತ್ತು. ನೈಟಿಯ ಮೇಲೆ ಗಂಡನ ಜಾಕೆಟ್ಟು ಹಾಕಿಕೊಂಡು, ಜಾರುವ ಹುಲ್ಲಿನ ಮೇಲೆ ಹೆಜ್ಜೆ ಒತ್ತಿ ಒತ್ತಿ ಇಡುತ್ತ ಹೋಗಿ ಆತನ ಬಾಗಿಲು ಬಡಿದೆ.

"ನಮ್ಮ ನೀರು ಯಾಕೆ ನಿಲ್ಲಿಸಿದಿರಿ?"

ಮುದುಕ ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ. "ಬಾತ್‌ರೂಮಿನಲ್ಲಿ ನೀರು ಬರುತ್ತಿದೆಯಾ ಮ್ಯಾಮ್?" ಎಂದ.

ನಾನು ಅರ್ಧ ಗಂಟೆಯ ಕೆಳಗೆ ಅಲ್ಲೇ ಹಲ್ಲುಜ್ಜಿ ಮುಖ ತೊಳೆದಿದ್ದೆ. ಮೀಟರಿನಲ್ಲಿ ನಿಲ್ಲಿಸಿದ್ದರೆ ಇಡೀ ಮನೆಗೇ ನೀರಿರಬಾರದು. ಪೈಪುಗಳ ಬಗ್ಗೆ ಪರೀಕ್ಷೆ ಬರೆದು ಪಾಸಾದವಳಿಗೆ ಇಷ್ಟು ಹೊಳೆದಿರಲಿಲ್ಲ.

"ಮೀಟರಿನಲ್ಲಿ ಒಂದು ಕೆಂಪು ತ್ರಿಕೋಣ ಇದೆ" ಎಂದ ಆತ. "ಮನೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿದ್ದರೂ ಅದು ತಿರುಗುತ್ತದೆ. ಬೆಳಿಗ್ಗೆ ನೋಡಿದೆ, ಅಲ್ಲಾಡುತ್ತಿರಲಿಲ್ಲ. ಹೇಳೋಣ ಅಂತ ಬಾಗಿಲು ತಟ್ಟಿದೆ. ನಿಮ್ಮ ತಾಯಿ ಓಡಿಸಿದರು."

ಮನೆಗೆ ಬಂದು ಅವ್ವನ ಮುಂದೆ ನಿಂತೆ. ಏನೂ ಕೇಳಬೇಕಾಗಲಿಲ್ಲ. ಮಗಳೇ ಸೋಫಾದ ಹಿಂದಿನಿಂದ, "ಅಜ್ಜಿ ಟೋಲ್ಡ್ ಮೀ ನಾಟ್ ಟು ಟೆಲ್" ಎಂದಳು.

"ಹೌದು, ನಾನ ಬಂದ್ ಮಾಡೀನಿ" ಎಂದಳು ಅವ್ವ. ದನಿಯಲ್ಲಿ ತಪ್ಪೊಪ್ಪಿಗೆ ಇರಲಿಲ್ಲ. "ಅದು ಟಪ್ ಟಪ್ ಅಂದ್ರ ನನಗ ನಿದ್ದಿ ಬರೂದಿಲ್ಲ. ಯಾರದರ ಕೊಡಾ ತುಂಬಿ ಹೊರಗ ಚೆಲ್ಲಾಕತ್ತೈತಿ ಅನಸತೈತಿ."

ಆ ಸದ್ದಿಗೆ ನಾನೂ ಎರಡು ಸಲ ಎಚ್ಚರಗೊಂಡಿದ್ದೆ.

ಅಷ್ಟರಲ್ಲಿ ಮುದುಕ ಕೀಲಿ ಹಿಡಿದು ಬಂದಿದ್ದ. ಪೈಪಿನೊಳಗೆ ಐಸು ಕಟ್ಟಿದೆ, ಒಡೆದಿದೆಯೋ ಇಲ್ಲವೋ ಕರಗಿದ ಮೇಲೆಯೇ ಗೊತ್ತಾಗುವುದು ಎಂದ. ಮೊದಲು ನನ್ನನ್ನು ಕೇಳಿಯೇ ಮೀಟರಿನಲ್ಲಿ ನೀರು ನಿಲ್ಲಿಸಿದ. ನಾನು ಸಿಂಕಿನ ಕೆಳಗಿನ ಕಪಾಟಿನಿಂದ ಅಕ್ಕಿಯ ಡಬ್ಬಿ, ಎಣ್ಣೆಯ ಕ್ಯಾನು ಎಲ್ಲ ಹೊರಗೆಳೆದು, ಟಾರ್ಚು ಹಿಡಿದು ತಲೆ ಒಳಗೆ ಹಾಕಿದೆ. ಹಿಂದಿನ ಗೋಡೆಯಲ್ಲಿ ತಟ್ಟೆಯಷ್ಟು ಅಗಲದ ಒಂದು ಚೌಕವನ್ನು ಕತ್ತರಿಸಿ, ಮತ್ತೆ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು. ಬಣ್ಣ ಸರಿಯಾಗಿ ಹೊಂದಿರಲಿಲ್ಲ. ಪೈಪು ಒಮ್ಮೆ ಒಡೆದಿತ್ತು. ಕಾಗದದ ಒಂದೊಂದು ಸಾಲನ್ನೂ ಮೂರು ಸಲ ಓದಿದ ನಾನು ಎಂಟು ತಿಂಗಳಲ್ಲಿ ಒಮ್ಮೆಯೂ ಅಕ್ಕಿ ಡಬ್ಬಿಯ ಹಿಂದೆ ನೋಡಿರಲಿಲ್ಲ.

ನಾನು ಹೇರ್ ಡ್ರೈಯರ್ ಹಿಡಿದೆ. ಅವ್ವ ಅದನ್ನು ಸ್ವಲ್ಪ ಹೊತ್ತು ನೋಡಿ, "ಅದರಲೆ ಏನಾಗತೈತಿ, ಅತ್ತಾಗ ಸರಿ" ಎಂದು ತಾನು ತುಂಬಿಸಿಟ್ಟ ಪಾತೇಲಿಯನ್ನು ಒಲೆಗೇರಿಸಿದಳು. ಹಳೆಯ ಸೀರೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಪೈಪಿಗೆ ಸುತ್ತಿದಳು, ಆರಿದೊಡನೆ ಬಿಚ್ಚಿ ಇನ್ನೊಂದು. ಬಾಣಂತಿಯರಿಗೆ ಶಾಖ ಕೊಟ್ಟು ಪಳಗಿದ ಕೈ. ಅವಳು ಕೂಡಿಟ್ಟ ನೀರು ಇಲ್ಲದಿದ್ದರೆ, ಮೀಟರು ನಿಲ್ಲಿಸಿದ ಆ ಮನೆಯಲ್ಲಿ ಬಿಸಿ ಮಾಡಲು ಏನೂ ಇರುತ್ತಿರಲಿಲ್ಲ. ಅದನ್ನು ಆಕೆ ಆಮೇಲೆ ಅಳಿಯನಿಗೆ ಫೋನಿನಲ್ಲಿ ಎರಡು ಸಲ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ತೆರೆದಿಟ್ಟ ನಲ್ಲಿ ಕೆಮ್ಮಿತು. ಒಂದು ಚೂರು ಐಸು, ಹಿಂದೆಯೇ ಒಂದು ಗುಟುಕು ನೀರು ಸಿಂಕಿಗೆ ಬಿತ್ತು. ಮುದುಕ ಮೀಟರಿನ ಬಳಿ ಹೋದ. ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ, ನಾನು ನಲ್ಲಿ ಮುಚ್ಚಿ ಕಪಾಟಿನೊಳಗೆ ಅಂಗಾತ ಮಲಗಿ, ಗೋಡೆಯ ಆ ಚೌಕಕ್ಕೆ ಅಂಗೈ ಒತ್ತಿದೆ. ಆತ ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತಿದ್ದ. "ಡ್ರೈ?" ಎಂದು ಹೊರಗಿನಿಂದ ಕೂಗುತ್ತಿದ್ದ. ನಾನು "ಡ್ರೈ" ಎನ್ನುತ್ತಿದ್ದೆ. ಮಗಳು ಅದನ್ನು ರಸ್ತೆಗೆ ಕೇಳುವಂತೆ ಕೂಗುತ್ತಿದ್ದಳು. ಎಷ್ಟು ಸಲ ಹಾಗೆ ಹೇಳಿದೆವೋ ನೆನಪಿಲ್ಲ. ಅಂಗೈ ತಣ್ಣಗಾಗಿ ಮರಗಟ್ಟಿ, ಒದ್ದೆಯೋ ಒಣವೋ ತಿಳಿಯದಾದಾಗ ಕೆನ್ನೆಯನ್ನೇ ಗೋಡೆಗೆ ಒತ್ತಿದೆ. ಗೋಡೆ ಒಣಗಿತ್ತು. ನೀರು ಪೂರ್ತಿ ಬಿಟ್ಟ ಮೇಲೂ ಒಣಗಿಯೇ ಇತ್ತು.

ಆತ ಮೀಟರ್ ಪೆಟ್ಟಿಗೆಯ ಬಳಿ ನನ್ನನ್ನು ಕರೆದು, ಗಾಜಿನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ ತೋರಿಸಿದ. ಉದ್ದಿನಕಾಳಿನಷ್ಟು ಕೆಂಪು ತ್ರಿಕೋಣ. ನಿಂತಿತ್ತು. ಮನೆಯೊಳಗೆ ಎಲ್ಲಿಯೂ ಸೋರುತ್ತಿಲ್ಲ ಎಂದು ಅದರ ಅರ್ಥ. ನಾನು ಸಾರಿ ಎಂದೆ. ಆತ ಕೈಯ ಮಣ್ಣು ಕೊಡವಿಕೊಂಡು, "ಸಂಜೆಯಿಂದ ಮತ್ತೆ ಹನಿ ಬಿಡಿ" ಎಂದಷ್ಟೇ ಹೇಳಿದ.

ಅವ್ವನ ಜೊತೆ ಒಪ್ಪಂದವಾಯಿತು. ನಲ್ಲಿಯ ಬಾಯಿಂದ ಒಂದು ನೂಲು ಇಳಿಬಿಟ್ಟು, ಅದರ ಕೆಳಗೆ ಪಾತೇಲಿ ಇಡುವುದು. ನೀರು ನೂಲು ಹಿಡಿದು ಸದ್ದಿಲ್ಲದೆ ಇಳಿಯುತ್ತದೆ, ತುಂಬಿದ ನೀರನ್ನು ಆಕೆ ಬಕೆಟ್ಟಿಗೆ ಸುರಿದುಕೊಳ್ಳಬಹುದು. ಅವ್ವ ತಲೆ ಆಡಿಸಿದಳು. ಆ ತಲೆಯಾಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಓಣಿಗೆ ನಳದ ನೀರು ಬಿಡುವವನಿಗೂ ಆಕೆ ಹಾಗೆಯೇ ತಲೆ ಆಡಿಸುತ್ತಿದ್ದಳು, ಅವನ ಒಂದು ಮಾತನ್ನೂ ನಂಬುತ್ತಿರಲಿಲ್ಲ.

ಕತ್ತಲಾಗುವ ಮುಂಚೆ ಕಸ ಹಾಕುವ ನೆಪದಲ್ಲಿ ಹೊರಗೆ ಬಂದೆ, ತ್ರಿಕೋಣ ತಿರುಗುತ್ತಿದೆಯೋ ಇಲ್ಲವೋ ನೋಡಲು. ಮುದುಕ ಆಗಲೇ ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟಿದ್ದ. ನನ್ನನ್ನು ನೋಡಿ ಎದ್ದೇಳಲಿಲ್ಲ.

"ನಿಮ್ಮ ತಾಯಿಯ ಮೇಲೆ ನನಗೆ ನಂಬಿಕೆ ಇಲ್ಲ ಮ್ಯಾಮ್" ಎಂದ.

"ನನಗೂ ಇಲ್ಲ" ಎಂದೆ.

ನಾನೂ ಬಗ್ಗಿದೆ. ಟಾರ್ಚಿನ ಬೆಳಕಿನಲ್ಲಿ ತ್ರಿಕೋಣ ಸ್ವಲ್ಪ ಸರಿಯಿತು, ನಿಂತಿತು, ಮತ್ತೆ ಸರಿಯಿತು; ನಲ್ಲಿಯ ಹನಿ ಇಳಿಯುತ್ತಲೇ ಇತ್ತು. ತಿರುಗಿ ನೋಡಿದರೆ ಅಡುಗೆಮನೆಯ ಕಿಟಕಿಯ ಪರದೆ ಒಂದು ಮೂಲೆಯಲ್ಲಿ ಮೇಲೆದ್ದಿತ್ತು. ಅವ್ವ ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದಳು.