ಡ್ರೈವರನ ಹಿಂದಿನ ಸೀಟು

ವರ್ಕಾಡಿಯಿಂದ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನನಗೆ, ಅಲ್ಲೇ ಬಾಡಿಗೆ ಮನೆ ಮಾಡಿದರೆ ಹೇಗೆ ಎಂಬ ಯೋಚನೆ ಬಂದಿತ್ತು. ಮನೆಯೂ ಸಿಕ್ಕಿತ್ತು, ಹೂಂ ಅನ್ನುವುದಷ್ಟೇ ಬಾಕಿ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಕಿಟಕಿ ಸೀಟು ವರ್ಷಗಳಿಂದ ನನ್ನದು. ನಾನು ಹತ್ತುವವರೆಗೆ ಕಂಡಕ್ಟರ್ ಅದರ ಮೇಲೆ ತನ್ನ ಟವೆಲ್ ಹಾಕಿಟ್ಟಿರುತ್ತಾನೆ.

ಒಂದು ಬೆಳಿಗ್ಗೆ ಅಲ್ಲಿ ಕೂತು ಈ ಮನೆಯ ವಿಷಯ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದೆ. ಫೋನ್ ಇಟ್ಟದ್ದೇ ತಡ, ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಗುರುತಿಲ್ಲದ ಹೆಂಗಸು ಬಗ್ಗಿದರು.

"ಹೋಗಿ ಅಕ್ಕ, ಇನ್ನೆಂತ ಯೋಚನೆ? ದಿನಾ ಹೀಗೆ ಕುಲುಕಿದರೆ ಸೊಂಟ ಉಳಿಯುವುದುಂಟಾ?"

"ಅಲ್ಲಿ ನೀರಿನ ಕಷ್ಟ ಉಂಟಂತೆ," ಎಂದೆ.

"ಟ್ಯಾಂಕರ್ ಬರ್ತದಲ್ಲ!"

"ಸೆಕೆಯೂ ಜಾಸ್ತಿ."

"ಫ್ಯಾನ್ ಎಂತಕ್ಕೆ ಇರುವುದು ಮಾರಾಯ್ರೆ?"

ನನ್ನ ಸುಖದ ಬಗ್ಗೆ ಮನೆಯವರೂ ಇಷ್ಟು ತಲೆ ಕೆಡಿಸಿಕೊಂಡವರಲ್ಲ. ಮಂಗಳೂರು ಮುಟ್ಟುವಾಗ ನಾನು ಹೂಂ ಅನ್ನುವುದೆಂದೇ ತೀರ್ಮಾನಿಸಿದ್ದೆ. ಇಳಿಯಲು ಎದ್ದಾಗ ಅವರು ಮೆಲ್ಲಗೆ ನನ್ನ ಕೈ ಹಿಡಿದರು.

"ಹೋಗುವ ಮೊದಲು ಕಂಡಕ್ಟರಿಗೊಂದು ಮಾತು ಹೇಳಿ ಅಕ್ಕ. ಇನ್ನು ಆ ಟವೆಲ್ ನನಗೆ ಹಾಕಲಿ."

ನಾನಿನ್ನೂ ವರ್ಕಾಡಿಯಲ್ಲೇ ಇದ್ದೇನೆ. ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆಲ್ಲ ಊರಿನ ಗಾಳಿ, ಬಾವಿಯ ನೀರು ಎಂದು ದೊಡ್ಡ ಭಾಷಣ ಬಿಡುತ್ತೇನೆ, ಅವರು ನಂಬುತ್ತಾರೆ. ಆ ಹೆಂಗಸು ಮಾತ್ರ ನಂಬುವುದಿಲ್ಲ. ಕಂಬಿ ಹಿಡಿದು ನಿಂತಲ್ಲಿಂದಲೇ, ವಾರಕ್ಕೊಂದು ಹೊಸ ಬಾಡಿಗೆ ಮನೆಯ ಫೋಟೊ ತೋರಿಸುತ್ತಾರೆ.