ಕೊಪ್ಪರಿಗೆ ಇಳಿಯಲಿ ಅಂದೆ

ಅಕ್ಕನಿಗೆ ಜ್ವರ ಕಂಡ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಕೆಲಸವಾಗಿತ್ತು. ನಾನು ಕರೆದೊಯ್ಯಲಿಲ್ಲ. ಆಮೇಲೆ ಅವಳಿಗಾದದ್ದನ್ನು ಊರವರು ಅವಳ ಹಣೆಬರಹ ಎನ್ನುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಹಣೆಬರಹ ಏನು ಮಾಡಿತು? ಮಾಡಿದವನು ನಾನು.

ತೊಂಬತ್ತರ ದಶಕ. ನಾವಿದ್ದದ್ದು ಅರಕೆರೆಯಲ್ಲಿ. ಅಕ್ಕನಿಗೆ ಅದಾಗಲೇ ಎರಡು ಸಲ ಮಿದುಳು ಜ್ವರ ಬಂದು ಹೋಗಿತ್ತು. ಮೈಸೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದಷ್ಟು ಪ್ರೋಟೀನುಗಳಿರುತ್ತವೆ. ಬ್ಯಾಕ್ಟೀರಿಯಾ ನುಗ್ಗಿದರೆ ಅದರ ಮೈಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಸಿಕೊಂಡದ್ದನ್ನು ಲಿವರ್‌ನಲ್ಲಿ, ಗುಲ್ಮದಲ್ಲಿ ಇರುವ ಜೀವಕೋಶಗಳು ಗುರುತು ಹಿಡಿದು ನುಂಗುತ್ತವೆ. ನಿಮ್ಮಕ್ಕನ ರಕ್ತದಲ್ಲಿ ಆ ಅಂಟುವ ಪದಾರ್ಥವೇ ಕಡಿಮೆ."

ನಾಲ್ಕನೇ ತರಗತಿ ಓದಿದವನು ನಾನು. ಆದರೂ ತಿಳಿಯಿತು. "ಆಲೆಮನೇಲಿ ಬೆಂಡೆ ಗಿಡದ ಲೋಳೆ ಆಕ್ದಂಗೆ ಅಲ್ವಾ ಸಾರ್? ಮಡ್ಡಿಯೆಲ್ಲ ಅದಕ್ಕೆ ಅಂಟ್ಕಂಡು ಮೇಲಕ್ ಬತ್ತದೆ, ನಾವು ಎತ್ತಾಕ್ತೀವಿ. ಲೋಳೆ ಇಲ್ದಿದ್ರೆ ಮಡ್ಡಿ ಬೆಲ್ಲದಲ್ಲೇ ಉಳ್ಕತದೆ."

ಡಾಕ್ಟರು ನಕ್ಕರು. "ಅಷ್ಟೇ ಕಣಯ್ಯ. ಆದರೆ ಬೆಲ್ಲ ಕಪ್ಪಾದರೂ ಯಾರಾದರೂ ತಿನ್ನುತ್ತಾರೆ. ಇವಳಿಗೆ ಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡ."

ಇಷ್ಟು ಚೆನ್ನಾಗಿ ತಿಳಿದುಕೊಂಡವನು ಮಾಡಿದ್ದೇನು? ಮೂರನೇ ಸಲ ಜ್ವರ ಬಂದ ಬೆಳಿಗ್ಗೆ ಆಲೆಮನೆಯಲ್ಲಿ ನಮ್ಮ ಕಬ್ಬಿನ ಸರದಿ. ಅಕ್ಕ ನಡುಗುತ್ತ ಅಲ್ಲಿಗೇ ಬಂದಳು.

"ಬಸ್ಸು ಬತ್ತದೆ, ನಡೀಲಾ. ಮೈ ಕಾದೋಗದೆ."

"ಕೊಪ್ಪರಿಗೆ ಇಳೀಲಿ ಇರಕ್ಕ. ಕಬ್ಬಿನಾಲು ಕುದೀತಾ ಅದೆ."

"ಓಹೋ, ನಿನ್ ಬೆಲ್ಲಕ್ಕಿಂತ ನಾನು ಅಗ್ಗ ಆಗೋದ್ನಾ?"

ನಾನು ನಕ್ಕೆ. ನಕ್ಕುಬಿಟ್ಟೆ! ಒಂದು ಕೊಪ್ಪರಿಗೆ ಇಳಿಸಿ ಇನ್ನೊಂದು ಏರಿಸಿದೆ. ಅವಳು ಕಬ್ಬಿನ ಸಿಪ್ಪೆಯ ಮೇಲೆ ಮುದುಡಿ ಮಲಗಿದ್ದಳು. ಶ್ರೀರಂಗಪಟ್ಟಣದ ಬಸ್ಸು ಹತ್ತಿದಾಗ ಸಂಜೆ. ಅಷ್ಟರಲ್ಲಿ ಅವಳು ನನ್ನನ್ನೇ ಗುರುತಿಸುತ್ತಿರಲಿಲ್ಲ.

ಜೀವ ಉಳಿಯಿತು. ಎರಡೂ ಕಿವಿ ಹೋದವು. "ಇಂಥ ತಮ್ಮ ಇದ್ದದ್ಕೆ ಉಳ್ಕಂಡ್ಳು" ಎಂದು ಊರು ನನ್ನನ್ನೇ ಹೊಗಳಿತು. ಯಾವನೂ ಒಮ್ಮೆಯಾದರೂ ಉಗಿಯಲಿಲ್ಲ. ನಾಚಿಕೆಗೆಟ್ಟ ನಾನು ಎರಡು ವರ್ಷ ಆ ಹೊಗಳಿಕೆಯನ್ನು ಸುಮ್ಮನೆ ಕೇಳಿಸಿಕೊಂಡೆ.

ಕೊನೆಗೊಂದು ಮಧ್ಯಾಹ್ನ, ಅವರೆಕಾಯಿ ಸುಲಿಯುತ್ತಿದ್ದ ಅವಳ ಮುಂದೆ ಕುಳಿತು ನೆಲ ನೋಡುತ್ತ ಏನೋ ಗೊಣಗಿದೆ.

"ಅದೇನ್ಲಾ ನೆಲಕ್ ಯೋಳ್ತಿದ್ದೀಯ? ತಲೆ ಎತ್ತು, ತುಟಿ ಕಾಣ್ಲಿ."

ಎತ್ತಿದೆ.

"ತಪ್ಪಾಯ್ತು ಕಣಕ್ಕ. ನೀನು ಕರ್ದಾಗ್ಲೇ ನಾನು ಎದ್ ಬರ್ಬೇಕಾಗಿತ್ತು."