ಪಟ್ಟಿ ಕೊಡದ ಅಕ್ಕ

ಪುಣೆ ಪಕ್ಕದ ಪಿಂಪ್ರಿಯಲ್ಲಿ ನನ್ನದೊಂದು ಇಡ್ಲಿ ಹೋಟೆಲು. ನಾಲ್ಕು ವರ್ಷದ ಹಿಂದೆ ಒಂದು ಸೇವಾ ಸಂಸ್ಥೆಯವರು ಬಂದು, ಮೇಲಿನ ಫ್ಯಾಮಿಲಿ ರೂಮಿನಲ್ಲಿ ಪುಕ್ಕಟೆ ಎಚ್‌ಐವಿ ಪರೀಕ್ಷೆ ನಡೆಸುತ್ತೇವೆ, ಸುತ್ತಲಿನ ಕಾರ್ಮಿಕರಿಗೆ ಅನುಕೂಲವಾಗುತ್ತದೆ ಎಂದರು. ದೊಡ್ಡ ಮನುಷ್ಯನ ಹಾಗೆ ಒಪ್ಪಿದೆ. ಒಂದೇ ಷರತ್ತು: ನನ್ನ ಕೆಲಸದವರ ಫಲಿತಾಂಶದ ಪಟ್ಟಿ ನನಗೆ ಬೇಕು. ಹೋಟೆಲಿನವರಿಗೆ ಇದೊಂದು ಚಾಳಿ. ಅಡುಗೆಯವನಿಂದ ಹಿಡಿದು ಟೇಬಲ್ ಒರೆಸುವವನವರೆಗೆ ಎಲ್ಲರ ಮೆಡಿಕಲ್ ಸರ್ಟಿಫಿಕೇಟೂ ಗಲ್ಲಾದ ಹಿಂದಿನ ಫೈಲಿನಲ್ಲಿರಬೇಕು. ಇದೂ ಅಂಥದ್ದೇ ಅಂದುಕೊಂಡಿದ್ದೆ.

ಸಂಸ್ಥೆಯ ಆಪ್ತಸಮಾಲೋಚಕಿ ವಿಜಯಪುರದ ಕಡೆಯವರು, ಎಲ್ಲರಿಗೂ ಅಕ್ಕ. "ಪಟ್ಟಿ ಕೊಡ್ಲಿಕ್ಕ ಬರೂದಿಲ್ರಿ ಅಣ್ಣಾರ," ಎಂದರು.

"ಹೋಟೆಲು ನನ್ನದಲ್ವಾ?"

"ಹೋಟೆಲ್ ನಿಮ್ಮದರಿ. ರಕ್ತ ಅವರದು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ನನ್ನ ಹೋಟೆಲಿನಲ್ಲಿ ನಿಂತು ನನಗೇ ಬುದ್ಧಿ ಹೇಳುವುದೇ ಎಂದು ಮೈಯೆಲ್ಲ ಉರಿಯಿತು. ಆದರೆ ಕರಪತ್ರ ಹಂಚಿಯಾಗಿತ್ತು, ಹಿಂದೆ ಸರಿದರೆ ಮರ್ಯಾದೆ ಹೋಗುತ್ತಿತ್ತು.

ಶಿಬಿರದ ದಿನ ಕೆಲಸದವರು ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ನಮ್ಮಲ್ಲಿ ಬೆಳಗಿನ ಮೊದಲ ಇಡ್ಲಿಯನ್ನು ಯಜಮಾನನೇ ತಿಂದು ನೋಡಬೇಕು, ಗಿರಾಕಿಗೆ ಆಮೇಲೆ. ಅದನ್ನೇ ಹಿಡಿದುಕೊಂಡು ಮುಖ್ಯ ಅಡುಗೆಯವ, "ಇದಕ್ಕೂ ಮೊದಲು ನೀವು, ಧಣಿ," ಎಂದು ನಕ್ಕ. ನಾನೂ ಮೀಸೆ ತಿರುವುತ್ತಾ ಹತ್ತಿದೆ.

ಬೆರಳಿಗೆ ಚುಚ್ಚಿ ಇಪ್ಪತ್ತು ನಿಮಿಷವಾದ ಮೇಲೆ ಅಕ್ಕ ಬಾಗಿಲು ಮುಚ್ಚಿ ಎದುರಿಗೆ ಕೂತರು. "ಅಣ್ಣಾರ, ಇದರಾಗ ಪಾಸಿಟಿವ್ ಬಂದದ್ರಿ. ಸರಕಾರಿ ದವಾಖಾನಿಯೊಳಗ ಇನ್ನೊಮ್ಮೆ ಖಾತ್ರಿ ಮಾಡಬೇಕು, ನಾ ಜೋಡಿ ಬರ್ತೀನಿ. ಔಷಧ ಅದ, ಪುಕ್ಕಟೆ ಸಿಗ್ತದ. ಹೆದರಬ್ಯಾಡ್ರಿ."

ಹೆದರದೆ ಏನು ಮಾಡಲಿ? ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ತಪ್ಪು ನನ್ನದೇ. ಹೆಂಡತಿಗೆ ಹೇಗೆ ಹೇಳುವುದು ಎಂಬುದೊಂದೇ ತಲೆಯಲ್ಲಿ.

ಇಬ್ಬರೂ ಕೆಳಗಿಳಿದಾಗ ಅಡುಗೆಯವ ಅಕ್ಕನನ್ನೇ ಕೇಳಿಬಿಟ್ಟ: "ಧಣಿಗಳದ್ದು ಎಂತ ಬಂತು?"

ನಾನು ಗಲ್ಲಾದ ಕಡೆ ಮುಖ ತಿರುಗಿಸಿದೆ.

"ಅವರದ ಅವರಿಗೆ ಹೇಳೀನ್ರಿ. ನಿಮ್ಮದ ನಿಮಗ ಹೇಳ್ತೀನಿ. ಬರ್ರಿ ಮ್ಯಾಲ."

ಆ ಮಾತಿನ ಮೇಲೆ ಒಬ್ಬೊಬ್ಬರೇ ಹತ್ತಿದರು. ಯಾರದ್ದು ಏನಾಯಿತೋ ನನಗೆ ಇಂದಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ದವಾಖಾನೆಯಲ್ಲಿ ಖಾತ್ರಿಯಾಯಿತು. ಹೆಂಡತಿಗೆ ಹೇಳುವಾಗ ಅಕ್ಕ ಪಕ್ಕದಲ್ಲೇ ಇದ್ದರು. ಹೆಂಡತಿಯ ಪರೀಕ್ಷೆಯೂ ಆಯಿತು. ದೇವರು ದೊಡ್ಡವನು, ಅವಳಿಗೆ ಇರಲಿಲ್ಲ. ಮೂರು ತಿಂಗಳ ಬಳಿಕ ಮತ್ತೆ ನೋಡಿದಾಗಲೂ ಇರಲಿಲ್ಲ. ಒಂದು ದಿನವೂ ಮಾತ್ರೆ ತಪ್ಪಿಸದ ಕಾರಣ ಈಗ ನನ್ನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆ. ಶಿಬಿರಕ್ಕೆ ಈಗಲೂ ನನ್ನದೇ ರೂಮು, ಬಂದವರಿಗೆಲ್ಲ ನನ್ನದೇ ತಿಂಡಿ. ಅಕ್ಕನ ಉಪಕಾರ ಈ ಜನ್ಮದಲ್ಲಿ ತೀರುವಂಥದ್ದಲ್ಲ. ಹಾಗೆಂದು ನಾನು ಹೇಳಿದರೆ, "ಅದನ್ನೇ ಎಷ್ಟ ಸಲ ಹೇಳ್ತೀರಿ, ಸಾಂಬಾರ್ ಹಾಕ್ರಿ," ಎನ್ನುತ್ತಾರೆ.

ಹೆಂಡತಿ ಮಾತ್ರ ಮೊದಲ ಆರು ತಿಂಗಳು ನನ್ನೊಡನೆ ಮಾತೇ ಆಡಲಿಲ್ಲ. ಆಮೇಲೊಂದು ದಿನ ಊಟದ ತಟ್ಟೆಯ ಪಕ್ಕ ಮಾತ್ರೆಯನ್ನೂ ನೀರನ್ನೂ ತಂದಿಟ್ಟಳು. ಕ್ಷಮಿಸಿದಳು ಅಂದುಕೊಂಡು ನನಗೆ ಕಣ್ಣು ತುಂಬಿತು.

"ಅಳುವುದೆಂತ? ನಂಗೆ ಸಿಟ್ಟೇನೂ ಹೋಗ್ಲಿಲ್ಲ," ಎಂದಳು. "ಬೈಲಿಕ್ಕೆ ನೀವು ಇರ್ಬೇಕಲ್ಲ. ನುಂಗಿ."